ಸಿಗರೇಟ್ ಪ್ಯಾಕಿನಲ್ಲಿ ಸಿಕ್ಕ ಸಾಕ್ಷಿ

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಹನ್ನೆರಡು ವರ್ಷದ ಮೊಮ್ಮಗನಿಗೆ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ನೂರು ವರ್ಷದ ಹಿಂದೆ ಸಿಗರೇಟ್ ಪ್ಯಾಕಿನೊಳಗೆ ಬಂದ ಒಂದು ಕಾರ್ಡು ಐವತ್ತು ಕೋಟಿ ರೂಪಾಯಿಗೂ ಮೇಲೆ ಮಾರಾಟವಾಗಿದೆ ಎನ್ನುತ್ತಾನೆ. ದುಡ್ಡು ದಂಡ ಎಂದು ಅವನಮ್ಮ ಗದರಿದರೆ ‘ನಾನು ಹಿಸ್ಟರಿ ಓದ್ತಿದೀನಿ’ ಅನ್ನುತ್ತಾನೆ. ಇದರಲ್ಲಿ ಸತ್ಯವೆಷ್ಟು? ಅಥವಾ ಹುಡುಗ ಅಜ್ಜನ ಕಿವಿಗೆ ಹೂವಿಡುತ್ತಿದ್ದಾನೋ?
— ಓದುಗರೊಬ್ಬರು, ಹಾಸನ

ಉತ್ತರ: ಬೆಲೆಯ ವಿಷಯದಲ್ಲಿ ಹುಡುಗ ಸುಳ್ಳು ಹೇಳಿಲ್ಲ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು 2022ರ ಆಗಸ್ಟಿನಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಆಗಿನ ಲೆಕ್ಕದಲ್ಲಿ ಸುಮಾರು 57 ಕೋಟಿ ರೂಪಾಯಿ. ಅದೇ ತಿಂಗಳು ಮಿಕ್ಕಿ ಮ್ಯಾಂಟಲ್ ಎಂಬಾತನ 1952ರ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಂದರೆ ನೂರು ಕೋಟಿ ರೂಪಾಯಿ! ಅಂಗೈಯಗಲದ ರಟ್ಟು. ನಮ್ಮ ಊರಿನ ಲೆಕ್ಕದಲ್ಲಿ ಎಷ್ಟು ಎಕರೆ ತೋಟ ಬರುತ್ತಿತ್ತು ಎಂದು ನೀವು ಗುಣಿಸುತ್ತಿರಬಹುದು. ಬೇಡ, ಬಿಡಿ. ಈ ಬೆಲೆಗಳು ಹಣವಂತರ ಪೈಪೋಟಿಯ ಕಥೆ ಹೇಳುತ್ತವೆ, ಆಟದ ಕಥೆಯನ್ನಲ್ಲ.

ಆದರೆ ‘ಹಿಸ್ಟರಿ ಓದ್ತಿದೀನಿ’ ಎಂಬ ಮಾತಿನಲ್ಲಿ ಹುರುಳಿದೆ. ಅವನು ಕಾರ್ಡನ್ನು ಹೇಗೆ ನೋಡುತ್ತಾನೆ ಎಂಬುದರ ಮೇಲೆ ಅದು ನಿಂತಿದೆ. ಈ ಕಾರ್ಡುಗಳನ್ನು ಇತಿಹಾಸ ಬರೆಯಲೆಂದು ಯಾರೂ ಅಚ್ಚು ಹಾಕಲಿಲ್ಲ. ಸಿಗರೇಟು ಖರ್ಚಾಗಲಿ, ಗಮ್ ಮಾರಾಟವಾಗಲಿ ಎಂದು ಹಾಕಿದರು. ಮಾರುವ ಆತುರದಲ್ಲಿ ಅವರು ತಮಗೇ ಗೊತ್ತಿಲ್ಲದೆ ಬಿಟ್ಟುಹೋದ ಸುಳಿವುಗಳಿವೆಯಲ್ಲ, ಇತಿಹಾಸ ಇರುವುದು ಅಲ್ಲಿ.

ಮೊದಲು ಸಿಗರೇಟಿನ ಸಹವಾಸ ಹೇಗಾಯಿತು ನೋಡೋಣ. 1880ರ ಹೊತ್ತಿಗೆ ಅಮೆರಿಕದಲ್ಲಿ ಸಿಗರೇಟಿನ ಪ್ಯಾಕು ಮೆತ್ತನೆಯ ಕಾಗದದ್ದು. ಜೇಬಿನಲ್ಲಿ ಇಟ್ಟರೆ ಒಳಗಿದ್ದದ್ದು ಮುರಿದು ಪುಡಿಯಾಗುತ್ತಿತ್ತು. ಅದಕ್ಕೆ ಆಸರೆಯಾಗಿ ಒಳಗೊಂದು ರಟ್ಟಿನ ತುಂಡು ಇಟ್ಟರು. ಖಾಲಿ ರಟ್ಟು ಯಾಕಿರಬೇಕು ಎಂದು ಅದರ ಮೇಲೆ ಚಿತ್ರ ಹಾಕಿದರು. ನಟಿಯರು, ಹಕ್ಕಿಗಳು, ದೇಶದೇಶದ ಬಾವುಟಗಳು, ಕೊನೆಗೆ ಆಟಗಾರರು. ಆವರೆಗೆ ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು, ನಮ್ಮ ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟಿದ ಹಾಗೆ. ಪಳಗಿದ ಕೈ ನಿಮಿಷಕ್ಕೆ ನಾಲ್ಕು ಸುತ್ತಬಹುದಿತ್ತು. ಜೇಮ್ಸ್ ಬಾನ್ಸಾಕ್ ಎಂಬ ತರುಣ ಕಂಡುಹಿಡಿದ ಯಂತ್ರ ಅದೇ ನಿಮಿಷದಲ್ಲಿ ಇನ್ನೂರರ ಹತ್ತಿರ ಉಗುಳತೊಡಗಿತು. ಮಾಲು ರಾಶಿ ಬಿತ್ತು, ಕೊಳ್ಳುವವರನ್ನು ಹಿಡಿಯಬೇಕಿತ್ತು. ಕಾರ್ಡು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ವರ್ಜೀನಿಯಾದ ರಿಚ್ಮಂಡಿನಲ್ಲಿದ್ದ ಅಲೆನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ ‘ಜಗತ್ತಿನ ಚಾಂಪಿಯನ್ನರು’ ಎಂಬ ಹೆಸರಿನಲ್ಲಿ 50 ಕಾರ್ಡುಗಳ ಸೆಟ್ ತಂದಿತು. ಬೇಸ್‌ಬಾಲಿನವರು ಅದರಲ್ಲಿ ಹತ್ತೇ ಜನ. ಉಳಿದಂತೆ ಹುಟ್ಟು ಹಾಕುವ ದೋಣಿ ಸ್ಪರ್ಧಿಗಳು, ಕುಸ್ತಿಯವರು, ಮುಷ್ಟಿಕಾಳಗದವರು, ಬಿಲಿಯರ್ಡ್ಸ್ ಆಡುವವರು, ಬಂದೂಕಿನ ಗುರಿಕಾರರು. ಗುರಿಕಾರರ ಸಾಲಿನಲ್ಲಿ ಆನಿ ಓಕ್ಲಿ ಎಂಬ ಹೆಣ್ಣುಮಗಳೂ ಇದ್ದಾಳೆ. ಆ ಕಾಲದ ಸಾಮಾನ್ಯ ಅಮೆರಿಕನ್ನನ ಕಣ್ಣಿಗೆ ಯಾವುದು ದೊಡ್ಡ ಆಟವಾಗಿತ್ತು ಎಂದು ತಿಳಿಯಲು ಪುಸ್ತಕ ಬೇಡ, ಈ ಐವತ್ತು ಹೆಸರಿನ ಪಟ್ಟಿ ಸಾಕು. ದೋಣಿ ಸ್ಪರ್ಧೆಯ ವೀರರು ಇಂದು ಯಾರ ನೆನಪಿನಲ್ಲೂ ಇಲ್ಲ. ಆಗ ಅವರು ಬೇಸ್‌ಬಾಲಿನವರ ಸರಿಸಮ ನಿಂತಿದ್ದರು.

ಆ ಹತ್ತು ಜನರಲ್ಲಿ ಒಬ್ಬ ಷಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್. ಕಾರ್ಡಿನಲ್ಲಿ ಗಂಭೀರ ಮುಖದ, ದಪ್ಪ ಮೀಸೆಯ ಗಂಡಸು. ಅದೇ 1887ರ ಜುಲೈ 14ರಂದು ನ್ಯೂವರ್ಕಿನಲ್ಲಿ ಒಂದು ಪಂದ್ಯ ಇತ್ತು. ಎದುರು ತಂಡದಲ್ಲಿ ಜಾರ್ಜ್ ಸ್ಟೋವಿ ಎಂಬ ಕಪ್ಪು ಎಸೆತಗಾರನಿದ್ದ. ಅವನಿದ್ದರೆ ನಾವು ಆಡುವುದಿಲ್ಲ ಎಂದು ಆನ್ಸನ್ ಪಟ್ಟು ಹಿಡಿದ. ಸ್ಟೋವಿ ಹೊರಗೆ ಕುಳಿತ. ಅದೇ ದಿನ, ಸ್ಟೋವಿಯ ತಂಡ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಸಭೆ ಸೇರಿ, ಇನ್ನು ಮುಂದೆ ಕಪ್ಪು ಆಟಗಾರರೊಂದಿಗೆ ಹೊಸ ಒಪ್ಪಂದ ಬೇಡ ಎಂದು ತೀರ್ಮಾನಿಸಿದರು. ದೊಡ್ಡ ಲೀಗುಗಳ ಬಾಗಿಲು ಮುಚ್ಚಿತು. ಅದು ತೆರೆದದ್ದು 60 ವರ್ಷಗಳ ನಂತರ, 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರವಾಗಿ ಮೈದಾನಕ್ಕೆ ಇಳಿದಾಗ.

ಆ ಅರವತ್ತು ವರ್ಷದ ಸಾವಿರಾರು ಕಾರ್ಡುಗಳನ್ನು ಒಂದರ ಪಕ್ಕ ಒಂದು ಹರಡಿ ನೋಡಿ. ಬಿಳಿಯ ಮುಖಗಳು, ಬಿಳಿಯ ಮುಖಗಳು. ಯಾವ ಕಾರ್ಡಿನ ಮೇಲೂ ‘ಕಪ್ಪು ಜನಕ್ಕೆ ಪ್ರವೇಶವಿಲ್ಲ’ ಎಂದು ಬರೆದಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ! ಹಾಗಾದರೆ ಆಗಿನ ಕಪ್ಪು ಆಟಗಾರರ ಕಾರ್ಡುಗಳೇ ಇಲ್ಲವೇ? ಇವೆ, ಬೇರೆ ದೇಶದಲ್ಲಿ. ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಲೀಗಿನವರು ಚಳಿಗಾಲದಲ್ಲಿ ಕ್ಯೂಬಾಕ್ಕೆ ಹೋಗಿ ಆಡುತ್ತಿದ್ದರು. ಅಲ್ಲಿ ಬಣ್ಣದ ತಡೆ ಇರಲಿಲ್ಲ. ಆ ಪೀಳಿಗೆಯ ಮಹಾನ್ ಆಟಗಾರ ಆಸ್ಕರ್ ಚಾರ್ಲ್‌ಸ್ಟನ್ ನಮಗೆ ಸಿಗುವುದು 1923–24ರ ಕ್ಯೂಬಾದ ಬಿಲ್ಲಿಕೆನ್ ಕಾರ್ಡಿನಲ್ಲಿ. ಜಾಶ್ ಗಿಬ್ಸನ್ ಇನ್ನೂ ನತದೃಷ್ಟ. ಅವನು ತೀರಿಕೊಂಡದ್ದು 1947ರ ಜನವರಿಯಲ್ಲಿ, ರಾಬಿನ್ಸನ್ ಮೈದಾನಕ್ಕಿಳಿಯಲು ಮೂರು ತಿಂಗಳಷ್ಟೇ ಬಾಕಿ. ಅವನ ಹೆಸರಾಂತ ಕಾರ್ಡು ಬಂದದ್ದು ಸತ್ತ ಮೇಲೆ, ಪೋರ್ಟೊರಿಕೊದಲ್ಲಿ. 2024ರಲ್ಲಿ ಮೇಜರ್ ಲೀಗ್ ತನ್ನ ದಾಖಲೆಗೆ ನೀಗ್ರೋ ಲೀಗುಗಳ ಅಂಕಿಗಳನ್ನು ಸೇರಿಸಿಕೊಂಡಾಗ, ಬದುಕಿನುದ್ದದ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ ಎಲ್ಲರಿಗಿಂತ ಮೇಲೆ ಬಂದ. ಅವನ ದೇಶದ ಸಿಗರೇಟ್ ಪ್ಯಾಕಿನಲ್ಲಿ, ಗಮ್ ಪೊಟ್ಟಣದಲ್ಲಿ ಜಾಗ ಸಿಗದಿದ್ದವನು.

ಮೊಮ್ಮಗನಿಗೆ ನಾನು ಹೇಳುವ ಮೊದಲ ಮಾತು ಇದು: ಇರುವ ಕಾರ್ಡನ್ನು ನೋಡುವಷ್ಟೇ ಹೊತ್ತು ಇಲ್ಲದ ಕಾರ್ಡಿನ ಬಗ್ಗೆಯೂ ಯೋಚಿಸು.

ಇನ್ನು ಅವನು ಹೇಳಿದ 57 ಕೋಟಿಯ ಕಾರ್ಡು. ಹೋನಸ್ ವ್ಯಾಗ್ನರ್ ಜರ್ಮನಿಯಿಂದ ವಲಸೆ ಬಂದವರ ಮಗ. ಎಳೆಯ ವಯಸ್ಸಿನಲ್ಲೇ ಕಲ್ಲಿದ್ದಲ ಗಣಿಗೆ ಇಳಿದವನು. ಪಿಟ್ಸ್‌ಬರ್ಗ್ ತಂಡದಲ್ಲಿ ಶಾರ್ಟ್‌ಸ್ಟಾಪ್ ಎಂಬ ಸ್ಥಾನದ ಆಟಗಾರನಾಗಿ, ಎಂಟು ಸಲ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟ ಗೆದ್ದ. 1936ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಶುರುವಾದಾಗ ಆಯ್ಕೆಯಾದ ಮೊದಲ ಐವರಲ್ಲಿ ಇವನೊಬ್ಬ. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ತನ್ನ ಬೇರೆಬೇರೆ ಬ್ರಾಂಡುಗಳಲ್ಲಿ ಹಂಚಿದ ಐನೂರಕ್ಕೂ ಹೆಚ್ಚು ಕಾರ್ಡುಗಳ ಸೆಟ್ಟಿನಲ್ಲಿ ವ್ಯಾಗ್ನರನ ಕಾರ್ಡೂ ಸೇರಿತ್ತು. ಆದರೆ ಅವನ ಕಾರ್ಡಿನ ಅಚ್ಚು ಬೇಗ ನಿಂತಿತು. ಈಗ ಉಳಿದಿರುವವು ಅರವತ್ತರ ಆಸುಪಾಸು. ಬೆಲೆ ಏರಿದ್ದು ಅದರಿಂದ.

ಯಾಕೆ ನಿಂತಿತು? ಮಕ್ಕಳು ತನ್ನ ಚಿತ್ರದಾಸೆಗೆ ಸಿಗರೇಟು ಕೊಳ್ಳುವುದು ಅವನಿಗೆ ಬೇಕಿರಲಿಲ್ಲ ಎಂಬುದು ಎಲ್ಲರೂ ಹೇಳುವ ಕಥೆ. 1912ರಲ್ಲಿ ಒಂದು ಕ್ರೀಡಾಪತ್ರಿಕೆ ಬರೆದ ಪ್ರಕಾರ, ವ್ಯಾಗ್ನರನ ಒಪ್ಪಿಗೆ ತಂದುಕೊಟ್ಟರೆ ಹತ್ತು ಡಾಲರ್ ಎಂದು ಕಂಪನಿ ಊರಿನ ಪತ್ರಕರ್ತ ಜಾನ್ ಗ್ರೂಬರ್‌ಗೆ ಹೇಳಿತ್ತು. ವ್ಯಾಗ್ನರ್ ಒಲ್ಲೆನೆಂದು ಪತ್ರ ಬರೆದ. ಸ್ನೇಹಿತನಿಗೆ ನಷ್ಟವಾಗಬಾರದೆಂದು ಜೊತೆಗೆ ಹತ್ತು ಡಾಲರಿನ ಚೆಕ್ ಇಟ್ಟ. ಕಥೆ ಚೆನ್ನಾಗಿದೆ. ಆದರೆ ವ್ಯಾಗ್ನರ್ ಸ್ವತಃ ಹೊಗೆಸೊಪ್ಪು ಜಗಿಯುತ್ತಿದ್ದವನು, ಅದಕ್ಕೆ ಹಿಂದೆ ಒಂದು ಸಿಗಾರಿನ ಜಾಹೀರಾತಿಗೆ ತನ್ನ ಚಿತ್ರ ಕೊಟ್ಟವನು. ಹಾಗಾಗಿ ಕಂಪನಿ ಸರಿಯಾಗಿ ದುಡ್ಡು ಕೊಡಲಿಲ್ಲವೆಂಬ ಸಿಟ್ಟೂ ಇದ್ದೀತು ಎನ್ನುವವರಿದ್ದಾರೆ. ನನಗೆ ಎರಡನೆಯದೇ ಹೆಚ್ಚು ಸಹಜವೆನಿಸುತ್ತದೆ. ಗಣಿಯಲ್ಲಿ ದುಡಿದವನಿಗೆ ತನ್ನ ಬೆವರಿನ ಬೆಲೆ ಗೊತ್ತಿರುತ್ತದೆ. ಎರಡೂ ಕಾರಣ ಒಟ್ಟಿಗೇ ನಿಜವಾಗಿದ್ದರೂ ಆಶ್ಚರ್ಯವಿಲ್ಲ.

ಈ ಕಾರ್ಡಿನಲ್ಲಿ ನನಗೆ ಇಷ್ಟವಾದದ್ದು ಮುಖವಲ್ಲ, ಕೆಳಗಿನ ಅಕ್ಷರ. ವ್ಯಾಗ್ನರ್, ಪಿಟ್ಸ್‌ಬರ್ಗ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅದರಲ್ಲಿ ಊರಿನ ಹೆಸರಿನ ಕೊನೆಯ ‘ಎಚ್’ ಇಲ್ಲ. ಅಚ್ಚಿನ ದೋಷವೇ? ಅಲ್ಲ. ಊರುಗಳ ಹೆಸರನ್ನು ಒಂದೇ ರೀತಿ ಬರೆಯಬೇಕೆಂದು ಹೊರಟ ಸರ್ಕಾರಿ ಮಂಡಳಿಯೊಂದು 1890ರ ದಶಕದ ಆರಂಭದಲ್ಲಿ ಆ ಅಕ್ಷರವನ್ನು ಕಿತ್ತುಹಾಕಿತ್ತು. ಊರಿನವರು ಸುಮ್ಮನಿರಲಿಲ್ಲ, ಇಪ್ಪತ್ತು ವರ್ಷ ಜಗ್ಗಾಡಿ 1911ರಲ್ಲಿ ಅದನ್ನು ವಾಪಸ್ ಪಡೆದರು. ಕಾರ್ಡು ಅಚ್ಚಾದದ್ದು ಆ ಎಚ್ ಇಲ್ಲದ ವರ್ಷಗಳಲ್ಲಿ. ಬ್ಯಾಂಗಲೋರ್ ಬೆಂಗಳೂರಾಗಲು, ಮೈಸೂರ್ ಮೈಸೂರು ಆಗಲು ನಾವು ಪಟ್ಟ ಪಾಡು ನೆನೆದರೆ ಪಿಟ್ಸ್‌ಬರ್ಗಿನವರ ಹಟ ಅರ್ಥವಾದೀತು. ಇದು ಸಿಗರೇಟು ಕಂಪನಿ ಹೇಳಹೊರಟ ಸಂಗತಿಯೇ ಅಲ್ಲ. ಕಾರ್ಡು ತಾನಾಗಿ ಬಾಯಿಬಿಟ್ಟದ್ದು.

ಸಾಕ್ಷಿ ಎಂದ ಮೇಲೆ ಸುಳ್ಳುಸಾಕ್ಷಿಯೂ ಇರಬೇಕಲ್ಲ. ಈ ವ್ಯಾಗ್ನರ್ ಕಾರ್ಡುಗಳಲ್ಲೇ ಅತ್ಯಂತ ಹೆಸರುವಾಸಿಯಾದದ್ದೊಂದಿದೆ. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಂದಿಗೆ 4 ಲಕ್ಷ 51 ಸಾವಿರ ಡಾಲರ್ ಕೊಟ್ಟು ಕೊಂಡದ್ದು, 2007ರಲ್ಲಿ 28 ಲಕ್ಷಕ್ಕೆ ಹೋದದ್ದು. ಎಂಬತ್ತು ವರ್ಷ ಹಳೆಯ ಕಾರ್ಡಿಗೆ ಅಷ್ಟು ಚೂಪಾದ ಅಂಚು, ಮೂಲೆ ಎಲ್ಲಿಂದ ಬಂತು ಎಂದು ಕೆಲವರಿಗೆ ಅನುಮಾನವಿತ್ತು. 2013ರಲ್ಲಿ ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೊ, ಅಂಚು ಕತ್ತರಿಸಿದ್ದು ತಾನೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ವ್ಯಾಗ್ನರನ ಕಾರ್ಡಿದ್ದ ಆ ಸೆಟ್ಟಿಗೆ ‘ಟಿ 206’ ಎಂಬ ಹೆಸರು ಹೇಗೆ ಬಂತು ಎಂದು ಹುಡುಗನನ್ನು ಕೇಳಿ. ಗೊತ್ತಿಲ್ಲದಿದ್ದರೆ ಜೆಫರ್ಸನ್ ಬರ್ಡಿಕ್‌ನ ಕಥೆ ಹೇಳಿ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಟ್ಟಣದಲ್ಲಿ ವಿದ್ಯುತ್ ಸಾಮಾನು ಜೋಡಿಸುವ ಕಾರ್ಖಾನೆಯ ಕೆಲಸಗಾರ. ಮದುವೆಯಿಲ್ಲ, ಮಕ್ಕಳಿಲ್ಲ. ಕೈಕಾಲಿನ ಕೀಲುಗಳನ್ನೆಲ್ಲ ಹಿಂಡುವ ಸಂಧಿವಾತ. ಜನ ಬಿಸಾಡುವ ಅಚ್ಚಿನ ಕಾಗದವೆಲ್ಲ ಅವನಿಗೆ ಬೇಕು: ಸಿಗರೇಟ್ ಕಾರ್ಡು, ಅಂಚೆ ಕಾರ್ಡು, ಅಂಗಡಿ ಜಾಹೀರಾತು. 1939ರಲ್ಲಿ ಅವನು ಇವೆಲ್ಲಕ್ಕೂ ಒಂದು ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡಿಗೆ ‘ಎನ್’, ಇಪ್ಪತ್ತನೆಯದಕ್ಕೆ ‘ಟಿ’, ಅದರ ಮುಂದೆ ಒಂದು ಸಂಖ್ಯೆ. ಕೋಟಿಗಳ ಹರಾಜು ನಡೆಸುವವರು ಇಂದಿಗೂ ಕೂಗುವುದು ಈ ಕಾರ್ಖಾನೆಯ ನೌಕರ ಇಟ್ಟ ಹೆಸರುಗಳನ್ನೇ.

ಅವನು ತನ್ನ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದ. ಅವುಗಳಲ್ಲಿ ಬೇಸ್‌ಬಾಲಿನವೇ ಮೂವತ್ತು ಸಾವಿರಕ್ಕೂ ಹೆಚ್ಚು, ವ್ಯಾಗ್ನರನದೂ ಒಂದು. ಆದರೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಸಂಗ್ರಹಾಲಯದ ಒಂದು ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತು, ಡೊಂಕಾದ ಬೆರಳುಗಳಲ್ಲಿ ಒಂದೊಂದನ್ನೂ ಆಲ್ಬಮಿಗೆ ಅಂಟಿಸಿದ. ಅದಕ್ಕೆಂದೇ ಸಿರಾಕ್ಯೂಸ್ ಬಿಟ್ಟು ನ್ಯೂಯಾರ್ಕಿಗೆ ಮನೆ ಬದಲಾಯಿಸಿದ. ಕೊನೆಯ ಕಾರ್ಡು ಅಂಟಿಸಿದ್ದು 1963ರ ಜನವರಿಯಲ್ಲಿ. ಮಾರ್ಚಿನಲ್ಲಿ ತೀರಿಕೊಂಡ. ಅಂಟು ಹಚ್ಚಿದ್ದರಿಂದ ಕಾರ್ಡಿನ ಬೆಲೆ ಹಾಳಾಯಿತಲ್ಲ ಎಂದು ಇಂದಿನ ವ್ಯಾಪಾರಿಗಳು ಕೈ ಹಿಸುಕಿಕೊಳ್ಳಬಹುದು. ಮಾರುವ ಯೋಚನೆ ಅವನಿಗಿದ್ದರೆ ತಾನೇ!

ತಂಬಾಕಿನ ನಂತರ ಗಮ್ ಬಂತು. ಆ ಭಾಗವನ್ನು ಬೇಗ ದಾಟುತ್ತೇನೆ, ಒಂದೆರಡು ತಮಾಷೆ ಮಾತ್ರ ಹೇಳಿ. 1933ರಲ್ಲಿ ಬಾಸ್ಟನ್ನಿನ ಗೌಡಿ ಗಮ್ ಕಂಪನಿ ಕಾರ್ಡುಗಳಿಗೆ ಕ್ರಮಸಂಖ್ಯೆ ಹಾಕಿ, 106ನೆಯದನ್ನು ಅಚ್ಚೇ ಹಾಕಲಿಲ್ಲ. ಪಾಪದ ಮಕ್ಕಳು ಆ ಒಂದು ಸಂಖ್ಯೆಗಾಗಿ ಗಮ್ ಮೇಲೆ ಗಮ್ ಅಗಿದರು. ದೂರು ಬರೆದವರಿಗೆ ಮರುವರ್ಷ ನ್ಯಾಪ್ ಲಾಜೊವೆಯ ಕಾರ್ಡನ್ನು ಅಂಚೆಯಲ್ಲಿ ಕಳಿಸಿ ಬಾಯಿ ಮುಚ್ಚಿಸಿದರು. ನೂರು ಕೋಟಿಯ ಮ್ಯಾಂಟಲ್ ಕಾರ್ಡಂತೂ ಟಾಪ್ಸ್ ಕಂಪನಿಯಿಂದ 1952ರ ಋತು ಮುಗಿಯುವ ಹೊತ್ತಿಗೆ ತಡವಾಗಿ ಬಂದ ಕಂತಿನದು. ಆ ಕಂತಿನ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವು. ಅವನ್ನು ವಿನ್ಯಾಸ ಮಾಡಿದ ಸೈ ಬರ್ಗರ್ ಕೊನೆಗೆ ಪೆಟ್ಟಿಗೆ ಪೆಟ್ಟಿಗೆಯನ್ನೇ ದೋಣಿಗೆ ತುಂಬಿ, ನ್ಯೂಜೆರ್ಸಿಯ ಆಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿ ಬಂದ. ನಿಮ್ಮ ಮೊಮ್ಮಗನ ಮನೆಯಿಂದ ಸಮುದ್ರ ಹತ್ತಿರವಿದ್ದರೆ ಅವನಿಗೆ ಇದನ್ನು ಹೇಳದಿರುವುದೇ ಕ್ಷೇಮ.

ನಾನು ನಿಧಾನಿಸಬೇಕೆಂದಿರುವುದು ಟಾಪ್ಸಿನ ಇನ್ನೊಂದು ಸಂಗತಿಯಲ್ಲಿ. 1969ರ ಸೆಟ್ ಬಿಡಿಸಿದರೆ ಎಷ್ಟೋ ಆಟಗಾರರು ಬರಿತಲೆಯಲ್ಲಿ, ಅಂದರೆ ಟೊಪ್ಪಿಯಿಲ್ಲದೆ, ಕಾಣುತ್ತಾರೆ. ಕೆಲವರ ಚಿತ್ರ ನಾಲ್ಕಾರು ವರ್ಷ ಹಳೆಯದು. ಟೊಪ್ಪಿ ತೆಗೆಸಿ ಒಂದು ಫೋಟೊ ಹೊಡೆದಿಟ್ಟುಕೊಳ್ಳುವುದು ಕಂಪನಿಯ ಹಳೆಯ ಜಾಣತನ. ಆಟಗಾರ ನಾಳೆ ಬೇರೆ ತಂಡಕ್ಕೆ ಮಾರಾಟವಾದರೂ ಚಿತ್ರ ಕೆಡುವುದಿಲ್ಲ. ಆ ವರ್ಷ ನಾಲ್ಕು ಹೊಸ ತಂಡಗಳೂ ಹುಟ್ಟಿದ್ದವು. ಆದರೆ ಅಷ್ಟೇ ಅಲ್ಲ. ಆಟಗಾರರು ಕ್ಯಾಮೆರಾ ಮುಂದೆ ನಿಲ್ಲುವುದಿಲ್ಲವೆಂದು ಮುಷ್ಕರ ಹೂಡಿದ್ದರು.

ಅಲ್ಲಿಯವರೆಗೆ ಟಾಪ್ಸ್ ಪ್ರತಿ ಹುಡುಗನನ್ನೂ ಚಿಕ್ಕ ಲೀಗಿನಲ್ಲೇ ಹಿಡಿದು, ಐದು ಡಾಲರ್ ಕೈಗಿಟ್ಟು ಸಹಿ ಹಾಕಿಸಿಕೊಳ್ಳುತ್ತಿತ್ತು. ದೊಡ್ಡ ಲೀಗಿಗೆ ಏರಿದರೆ ವರ್ಷಕ್ಕೆ 125 ಡಾಲರ್. ದಂತಕಥೆಯಾದವನಿಗೂ ಅಷ್ಟೇ, ಬೆಂಚು ಕಾಯುವವನಿಗೂ ಅಷ್ಟೇ. 1966ರಲ್ಲಿ ಆಟಗಾರರ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಬಂದರು, ಉಕ್ಕು ಕಾರ್ಮಿಕರ ಸಂಘದಲ್ಲಿ ಪಳಗಿದವರು. ಟಾಪ್ಸಿನೊಂದಿಗೆ ಒಪ್ಪಂದ ನವೀಕರಿಸಬೇಡಿ, ಫೋಟೊ ಕೊಡಬೇಡಿ ಎಂದರು. 1968ರ ಕೊನೆಗೆ ಕಂಪನಿ ಬಗ್ಗಿತು: ತಲೆಗೆ 250 ಡಾಲರ್, ಜೊತೆಗೆ ಮಾರಾಟದಲ್ಲಿ ಶೇಕಡಾ 8ರ ಪಾಲು. ಒಗ್ಗಟ್ಟಾಗಿ ನಿಂತರೆ ಗೆಲ್ಲಬಹುದು ಎಂದು ಆಟಗಾರರು ಮೊದಮೊದಲು ಕಲಿತ ಪಾಠಗಳಲ್ಲಿ ಇದೊಂದು. ತಮಗೆ ಬೇಕಾದ ತಂಡ ಆರಿಸಿಕೊಳ್ಳುವ ಹಕ್ಕನ್ನು ಅವರು ಪಡೆದದ್ದು ಆಮೇಲೆ, ಎಪ್ಪತ್ತರ ದಶಕದ ನಡುವೆ. ವ್ಯಾಗ್ನರ್ ಒಬ್ಬನೇ ಹೇಳಿದ ‘ಒಲ್ಲೆ’ಯನ್ನು ಇವರು ಗುಂಪಾಗಿ ಹೇಳಿದರು.

ಕ್ರಿಕೆಟ್ ಮೆಚ್ಚುವ ನಮಗೂ ಇದರಲ್ಲಿ ಪಾಲಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಕಾರ್ಡು ತಂದಿತು. ರಣಜಿತ್‌ಸಿನ್ಹಜಿ ಇಂಗ್ಲೆಂಡಿನ ಪರ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೆ 154 ಹೊಡೆದದ್ದೂ ಅದೇ ವರ್ಷ. ಮುಂದೆ ಅವರ ಮುಖ ಇಂಗ್ಲೆಂಡಿನ ಸಿಗರೇಟ್ ಕಾರ್ಡುಗಳಲ್ಲಿ ಮಾಮೂಲಾಯಿತು. ಇಲ್ಲಿ ನೋಡಬೇಕಾದ್ದು ಹೆಸರು ಬರೆಯುವ ಬಗೆ. ದುಡ್ಡಿಗಾಗಿ ಆಡದ ಸಿರಿವಂತ ಆಟಗಾರನಿಗೆ ಎಷ್ಟೋ ಕಾರ್ಡುಗಳಲ್ಲಿ ‘ಮಿಸ್ಟರ್’ ಎಂಬ ಗೌರವ. ಕೂಲಿಗೆ ಆಡುವವನಿಗೆ ಬರೀ ಹೆಸರು. ಒಂದೇ ತಂಡ, ಒಂದೇ ಮೈದಾನ, ಎರಡು ಪಂಕ್ತಿ. ಪಂಕ್ತಿಭೇದ ಎಂದರೇನೆಂದು ಹಾಸನದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಕ್ರಿಕೆಟ್ ಈ ವ್ಯತ್ಯಾಸವನ್ನು ಕೈಬಿಟ್ಟದ್ದು 1962ರ ಕೊನೆಯಲ್ಲಿ.

ಆ ವಿಲ್ಸ್ ಹೆಸರು ಭಾರತಕ್ಕೂ ಬಂತು. ಆ ಕ್ರಿಕೆಟ್ ಕಾರ್ಡುಗಳು ಬಂದು ಸರಿಯಾಗಿ ನೂರು ವರ್ಷಕ್ಕೆ, 1996ರ ವಿಶ್ವಕಪ್ಪಿಗೆ ಇದ್ದ ಹೆಸರೇ ವಿಲ್ಸ್ ವರ್ಲ್ಡ್ ಕಪ್. ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲ್‌ನ ಸ್ಟಂಪ್ ಹಾರಿಸಿದಾಗ ನಾವು ಕುಣಿದೆವಲ್ಲ, ಆ ಕಪ್ಪಿನ ಮೇಲೂ ಸಿಗರೇಟಿನ ಹೆಸರೇ ಇತ್ತು. ತಂಬಾಕಿನವರು ಆಟದ ಪ್ರಾಯೋಜಕರಾಗುವುದನ್ನು ನಮ್ಮ ಕಾನೂನು ತಡೆದದ್ದು 2003ರಲ್ಲಿ. ನಮ್ಮ ಬಾಲ್ಯದಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳು, ಬಿದ್ದ ಸಿಗರೇಟ್ ಪ್ಯಾಕುಗಳನ್ನು ಹೆಕ್ಕಿ ಅಟ್ಟಿ ಕಟ್ಟಿದ್ದು, ಟ್ರಂಪ್ ಕಾರ್ಡಿಗಾಗಿ ಶಾಲೆಯ ಹಿಂದೆ ನಡೆದ ಜಗಳ — ಯಾವುದನ್ನೂ ನಾವು ಉಳಿಸಿಕೊಳ್ಳಲಿಲ್ಲ. ನನ್ನವನ್ನು ದೀಪಾವಳಿಯ ಮನೆ ಗುಡಿಸುವಿಕೆಯಲ್ಲಿ ಅಮ್ಮ ನೀರೊಲೆಗೆ ಹಾಕಿದಳು. ನಮ್ಮಲ್ಲಿ ಒಬ್ಬ ಬರ್ಡಿಕ್ ಹುಟ್ಟಲಿಲ್ಲವೆಂಬ ಕೊರಗು ನನಗಿದೆ.

ದುಡ್ಡು ದಂಡ ಎಂಬ ನಿಮ್ಮ ಮಗಳ ಮಾತಿಗೂ ಉತ್ತರ ಬೇಕಲ್ಲ. ಇತಿಹಾಸಕ್ಕಾಗಿ ಕಾರ್ಡು ಕೊಳ್ಳಲೇಬೇಕೆಂದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1887ರಿಂದ 1914ರವರೆಗಿನ 2,100 ಬೇಸ್‌ಬಾಲ್ ಕಾರ್ಡುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಬರ್ಡಿಕ್‌ನ ಸಂಗ್ರಹದ ಬಹಳಷ್ಟನ್ನೂ ಸಂಗ್ರಹಾಲಯದ ಜಾಲತಾಣದಲ್ಲಿ ನೋಡಬಹುದು. ಹಾಸನದಲ್ಲಿ ಕುಳಿತು ನೀವೂ, ನ್ಯೂಜೆರ್ಸಿಯಲ್ಲಿ ಕುಳಿತು ಅವನೂ ಒಂದೇ ಕಾರ್ಡನ್ನು ನೋಡುತ್ತ ಮಾತಾಡಬಹುದು. ಕೈಯಲ್ಲಿ ಹಿಡಿದು ನೋಡುವ ಆಸೆಯಿದ್ದರೆ, ಹೆಸರಿಲ್ಲದ ಆಟಗಾರರ 1969ರ ಕಾರ್ಡುಗಳು ಒಂದು ಮಸಾಲೆ ದೋಸೆಯ ಬೆಲೆಗೆ ಸಿಗುತ್ತವೆ. ಮುಂದಿನ ರಜೆಗೆ ಬರುವಾಗ ಅಂಥದೊಂದನ್ನು ತರಲು ಹೇಳಿ. ಟೊಪ್ಪಿ ಇಲ್ಲದ್ದನ್ನೇ ಆರಿಸಿ ತರಲಿ.